ಅವರ ಪುಟ್ಟಿಗೆ ಮರ ಆರಿಸೋ ಹಕ್ಕು, ನಮ್ಮವರಿಗೆ ಡಿಸಿ ಆಫೀಸಿನ ನಮೂನೆ

ಡಿಸೆಂಬರ್ ಬಂತು. ಅಮೆರಿಕದಲ್ಲಿರೋ ನಮ್ಮ ಕನ್ನಡದ ಸಾಫ್ಟ್‌ವೇರ್ ಕುಟುಂಬಗಳ ಫೋಟೋಗಳೂ ಬಂದವು. ಗಂಡ, ಹೆಂಡತಿ, ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು. ಎಲ್ಲರ ತಲೆ ಮೇಲೂ ಕೆಂಪು ಟೋಪಿ. ಹಿಂದೆ ಗುಡ್ಡದ ತುಂಬಾ ಸಾಲು ಸಾಲು ಫರ್ ಮರ. ಅಪ್ಪ ಒದ್ದೆ ನೆಲದ ಮೇಲೆ ಮಲಗಿ ಗರಗಸ ಎಳೀತಿದಾನೆ, ಮಗ ಕೊಂಬೆ ಎತ್ತಿ ಹಿಡಿದಿದಾನೆ, ಮಗಳು ಕುಣೀತಿದಾಳೆ. ಕೆಳಗೆ "ನಮ್ಮ ಪುಟ್ಟಿನೇ ಆರಿಸಿದ ಮರ!" ಅಂತ ಒಂದು ಸಾಲು. ಊರಿಂದ ಅಜ್ಜಿ ಕಾಮೆಂಟ್ ಹಾಕಿದಾರೆ: ಮಕ್ಕಳಿಗೆ ದೃಷ್ಟಿ ತೆಗೀರಪ್ಪ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಆ ಮಕ್ಕಳ ಖುಷಿ ಬಗ್ಗೆ ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲ. ಮಕ್ಕಳು ಕುಣೀಲಿ, ಮರಕ್ಕೆ ದೀಪ ಕಟ್ಟಲಿ, ಬೆಳಗ್ಗೆ ಎದ್ದು ಉಡುಗೊರೆ ಬಿಚ್ಚಲಿ. ನನ್ನ ಜಗಳ ಅವರಪ್ಪನ ಜೊತೆ. ಯಾಕಂದ್ರೆ ಇದೇ ಅಪ್ಪ ಇನ್ನೊಂದು ವಾಟ್ಸಾಪ್ ಗ್ರೂಪಲ್ಲಿ "ನಮ್ಮ ಮಕ್ಕಳಿಗೆ ಸಾಂತಾ ವೇಷ ಹಾಕಿಸೋ ಶಾಲೆಗಳನ್ನ ಬಹಿಷ್ಕರಿಸಿ" ಅಂತ ಫಾರ್ವರ್ಡ್ ಮಾಡ್ತಾನೆ. ನಮ್ಮ ಕೇರಿಯವರು ಚರ್ಚಿಗೆ ಹೋದ್ರೆ "ಅಕ್ಕಿಮೂಟೆಗೆ ಧರ್ಮ ಮಾರಿಕೊಂಡವರು" ಅಂತ ನಗುವ ಇಮೋಜಿ ಹಾಕ್ತಾನೆ. ಎಲ್ಲರೂ ಹಾಗಲ್ಲ ಅಂತ ಗೊತ್ತು. ಹಾಗಲ್ಲದವರು ಈ ಪೋಸ್ಟ್ ಓದಿ ನೊಂದ್ಕೋಬೇಡಿ, ಆ ಗ್ರೂಪಲ್ಲಿ ನೀವು ಯಾಕೆ ಸುಮ್ಮನಿದ್ರಿ ಅಂತ ಮಾತ್ರ ಯೋಚಿಸಿ.

ಆ ಮರ ಕಡಿಯೋ ಪ್ರವಾಸ ಹೇಗಿರುತ್ತೆ ಅಂತ ಸ್ವಲ್ಪ ನೋಡೋಣ. ಅದನ್ನ ಅಲ್ಲಿ "ಚೂಸ್ ಅಂಡ್ ಕಟ್" ಅಂತಾರೆ. ಅಂದ್ರೆ ನೀವೇ ಆರಿಸಿ, ನೀವೇ ಕಡೀರಿ. ಕುಟುಂಬ ಸಮೇತ ಕಾರಲ್ಲಿ ತೋಟಕ್ಕೆ ಹೋಗ್ಬೇಕು. ತೋಟದವರೇ ಗರಗಸ ಕೊಡ್ತಾರೆ. ಸಾಲುಗಳ ಮಧ್ಯೆ ಮಕ್ಕಳನ್ನ ಬಿಡ್ತಾರೆ. ಯಾವ ಮರ ಬೇಕು ಅಂತ ಮಗು ಹೇಳ್ಬೇಕು. ಇದು ಕುಳ್ಳು, ಅದು ಸೊಟ್ಟ, ಇನ್ನೊಂದಕ್ಕೆ ಒಂದು ಕಡೆ ಕೊಂಬೆ ಇಲ್ಲ ಅಂತ ಮಗು ಹತ್ತು ಮರ ಬೇಡ ಅಂದ್ರೂ ಅಪ್ಪ ಅಮ್ಮ ಬೇಜಾರು ಮಾಡ್ಕೊಳಲ್ಲ. ಆ ಪ್ರವಾಸದ ಸಂತೋಷ ಇರೋದೇ ಮಗು ಆರಿಸೋದ್ರಲ್ಲಿ. ಕಡಿದ ಮರವನ್ನ ಒಂದು ಯಂತ್ರದೊಳಗೆ ಎಳೆದು ಬಲೆ ಸುತ್ತಿ ಕೊಡ್ತಾರೆ, ಕಾರಿನ ತಲೆ ಮೇಲೆ ಕಟ್ಕೊಂಡು ಮನೆಗೆ ಬರೋದು. ಸರ್ಕಾರಿ ಕಾಡಲ್ಲೂ ಕಡಿಯಬಹುದು. ಅವರ ಅರಣ್ಯ ಇಲಾಖೆ ಅದಕ್ಕೆ ಸಣ್ಣ ಶುಲ್ಕದ ಪರ್ಮಿಟ್ ಕೊಡುತ್ತೆ, ಮನೇಲಿ ನಾಲ್ಕನೇ ಕ್ಲಾಸಿನ ಮಗು ಇದ್ರೆ ಆ ಪರ್ಮಿಟ್ಟೂ ಪುಕ್ಕಟೆ ಸಿಗುತ್ತೆ. ನಮ್ಮಲ್ಲಿ ಆದಿವಾಸಿ ಒಂದು ಹೊರೆ ಸೌದೆ ತಂದ್ರೆ ಅರಣ್ಯ ಇಲಾಖೆಯವರು ಏನು ಮಾಡ್ತಾರೆ ಅಂತ ನಾನು ಇಲ್ಲಿ ಬರೆಯಲ್ಲ, ಅದೇ ಒಂದು ಬೇರೆ ಪೋಸ್ಟ್ ಆಗುತ್ತೆ.

ಆ ಫೋಟೋದಲ್ಲಿ ಕಾಣದವರೂ ಇದಾರೆ. ಆರೇಳು ಅಡಿ ಬೆಳೆಯೋಕೆ ಆ ಮರಕ್ಕೆ 7ರಿಂದ 10 ವರ್ಷ ಬೇಕು. ಕೋನ್ ಆಕಾರಕ್ಕೆ ಅದು ತಾನಾಗೇ ಬರಲ್ಲ. ಪ್ರತಿ ವರ್ಷ ಬೇಸಿಗೆ ಬಿಸಿಲಲ್ಲಿ ಉದ್ದನೆ ಕತ್ತಿ ಬೀಸಿ ಬೀಸಿ ಆಕಾರ ಕೊಡಬೇಕು, ಕಳೆ ತೆಗೀಬೇಕು, ಔಷಧಿ ಹೊಡೀಬೇಕು. ಅತಿ ಹೆಚ್ಚು ಮರ ಬೆಳೆಯೋ ಆರೆಗನ್, ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ ಈ ಕೆಲಸ ಮಾಡೋರಲ್ಲಿ ಬಹುಪಾಲು ಮೆಕ್ಸಿಕೋ ಕಡೆಯ ಕೂಲಿಗಳು. ಅವರಲ್ಲಿ ಎಷ್ಟೋ ಜನ ತಾತ್ಕಾಲಿಕ ವೀಸಾದಲ್ಲಿ ಬಂದು, ಕೆಲಸ ಮುಗಿದ ಮೇಲೆ ವಾಪಸ್ ಹೋಗೋರು. ಹತ್ತು ವರ್ಷ ಬೆವರು ಸುರಿಸಿದೋನು ಫೋಟೋದಲ್ಲಿಲ್ಲ, ಐದು ನಿಮಿಷ ಗರಗಸ ಎಳೆದೋನು ಇದಾನೆ. ಇದನ್ನ ನಮಗೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ರಾಶಿ ಪೂಜೆ ಫೋಟೋದಲ್ಲಿ ಗೌಡ್ರು ಇರ್ತಾರೆ, ಕಣದಲ್ಲಿ ದುಡಿದೋರು ಇರಲ್ಲ.

ಸರಿ, ಈಗ ವಿಷಯಕ್ಕೆ ಬರ್ತೀನಿ. ಈ ಅಪ್ಪಂದಿರನ್ನ ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ: "ಅಯ್ಯೋ, ಇದು ಧರ್ಮ ಅಲ್ಲ ಸಾರ್, ಕಲ್ಚರ್ ಅಷ್ಟೇ. ಮಕ್ಕಳಿಗೆ ಶಾಲೇಲಿ ಎಲ್ಲರ ಜೊತೆ ಬೆರೀಬೇಕಲ್ವಾ?"

ಒಪ್ಪಿದೆ. ಆ ಮರದ ಚರಿತ್ರೆಯೂ ಅದನ್ನೇ ಹೇಳುತ್ತೆ. ಬೈಬಲ್ಲಿನಲ್ಲಿ ಕ್ರಿಸ್ಮಸ್ ಮರ ಇಲ್ಲ. ಅದು ಜರ್ಮನ್ ಸೀಮೆಯ ಮನೆಗಳಿಂದ ಬಂದಿದ್ದು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಪ್ಯೂರಿಟನ್ ಕ್ರೈಸ್ತರೇ 1659ರಲ್ಲಿ ಕ್ರಿಸ್ಮಸ್ ಆಚರಿಸಿದೋರಿಗೆ ಐದು ಶಿಲ್ಲಿಂಗ್ ದಂಡ ಅಂತ ಕಾನೂನು ಮಾಡಿದ್ರು, 1681ರವರೆಗೆ ಅದು ಇತ್ತು. ಮರ ಮನೆಮನೆಗೆ ಹೋಗಿದ್ದು ಒಂದು ಫ್ಯಾಮಿಲಿ ಚಿತ್ರದಿಂದ. 1848ರಲ್ಲಿ ಲಂಡನ್ನಿನ ಒಂದು ವಾರಪತ್ರಿಕೆ ವಿಕ್ಟೋರಿಯಾ ರಾಣಿ, ಗಂಡ ಆಲ್ಬರ್ಟ್, ಮಕ್ಕಳು ಮರದ ಸುತ್ತ ನಿಂತಿರೋ ಚಿತ್ರ ಛಾಪಿಸಿತು. 1850ರಲ್ಲಿ ಅಮೆರಿಕದ ಒಂದು ಮಹಿಳಾ ಪತ್ರಿಕೆ ಅದೇ ಚಿತ್ರದಲ್ಲಿ ರಾಣಿಯ ಕಿರೀಟ ಅಳಿಸಿ, ಅಮೆರಿಕದ ಕುಟುಂಬ ಅನ್ನೋ ಹಾಗೆ ಮತ್ತೆ ಹಾಕಿತು. ಇವತ್ತಿನ ನಿಮ್ಮ ಇನ್‌ಸ್ಟಾಗ್ರಾಮ್ ಫೋಟೋಗೆ ಮುತ್ತಜ್ಜಿ ಆ ಚಿತ್ರ. ಹಾಗಾಗಿ ಕಲ್ಚರ್ ಅನ್ನಿ, ನನ್ನದೇನೂ ತಕರಾರಿಲ್ಲ.

ಆದ್ರೆ ಈ "ಕಲ್ಚರ್ ಅಷ್ಟೇ" ಅನ್ನೋ ರಿಯಾಯಿತಿ ಯಾರಿಗೆ ಸಿಗುತ್ತೆ? 2021ರ ಡಿಸೆಂಬರ್ ನೆನಪು ಮಾಡ್ಕೊಳಿ. ಮಂಡ್ಯ ಜಿಲ್ಲೆ ಪಾಂಡವಪುರದಲ್ಲಿ ಒಂದು ಶಾಲೆ. ಮಕ್ಕಳ ಕ್ರಿಸ್ಮಸ್ ಕಾರ್ಯಕ್ರಮ. ಗುಂಪು ಒಳಗೆ ನುಗ್ಗಿ ನಿಲ್ಲಿಸಿತು. ಅದೇ ವಾರ ಬೆಳಗಾವಿಯ ಸುವರ್ಣ ಸೌಧದಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆ ಪಾಸು ಮಾಡಿತು. ಅತ್ತ ಮಕ್ಕಳ ಹಬ್ಬ ನಿಂತಿತು, ಇತ್ತ ಕಾನೂನು ಎದ್ದಿತು.

ಆ ಕಾನೂನಿಗೆ ಚಂದದ ಹೆಸರಿಟ್ಟಿದಾರೆ, ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ ಕಾಯ್ದೆ, 2022. ಗೆಳೆಯರಲ್ಲಿ ಬಹಳ ಜನ ಅದನ್ನ ಬೈದಿದಾರೆ, ಓದಿಲ್ಲ. ಓದಿ. ಬೇರೆ ಧರ್ಮಕ್ಕೆ ಹೋಗ್ಬೇಕು ಅಂದ್ರೆ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ನಮೂನೆ ತುಂಬಿ ಕೊಡಬೇಕು. ಡಿಸಿ ಅದನ್ನ ತನ್ನ ಆಫೀಸಿನ ನೋಟಿಸ್ ಬೋರ್ಡಿಗೆ, ತಹಶೀಲ್ದಾರ್ ಆಫೀಸಿಗೆ ಅಂಟಿಸಿ ಆಕ್ಷೇಪಣೆ ಇದ್ರೆ ಹೇಳಿ ಅಂತ ಊರನ್ನೆಲ್ಲ ಕರೀತಾರೆ. ಹಳ್ಳೀಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳ್ಬೇಕಾ? ಯಾರ ಹೊಲದಲ್ಲಿ ಕೂಲಿ ಮಾಡ್ತೀನೋ, ಯಾರ ಹತ್ರ ಸಾಲ ಇದೆಯೋ, ಅವರೇ ಬಂದು ನನ್ನ ದೇವರ ಬಗ್ಗೆ ಆಕ್ಷೇಪಣೆ ಸಲ್ಲಿಸಬಹುದು. ಆಮೇಲೆ ವಿಚಾರಣೆ. ದೂರು ಕೊಡೋಕೆ ಅಪ್ಪ ಅಮ್ಮ ಅಣ್ಣ ತಂಗಿಯೇ ಆಗ್ಬೇಕಿಲ್ಲ, ಜೊತೆ ಕೆಲಸ ಮಾಡೋನೂ ಕೊಡಬಹುದು. "ಆಮಿಷ" ಅನ್ನೋ ಪದದೊಳಗೆ ಉಡುಗೊರೆ ಇದೆ, ಧಾರ್ಮಿಕ ಸಂಸ್ಥೆ ನಡೆಸೋ ಶಾಲೆಯಲ್ಲಿ ಪುಕ್ಕಟೆ ಓದು ಇದೆ, ಉತ್ತಮ ಜೀವನಶೈಲಿಯೂ ಇದೆ. ಉತ್ತಮ ಜೀವನಶೈಲಿ! ಡಾಲರ್ ಸಂಬಳಕ್ಕೆ ಸಮುದ್ರ ದಾಟಿದ ನಿಮ್ಮ ಇಡೀ ಜೀವನ ಇನ್ನೇನು ಸ್ವಾಮಿ?

ಇನ್ನೂ ಇದೆ. ಇಬ್ಬರು ಒಟ್ಟಿಗೆ ಹೋದ್ರೆ ಆ ಕಾಯ್ದೆ ಪ್ರಕಾರ ಅದು ಸಾಮೂಹಿಕ ಮತಾಂತರ. ಗಂಡ ಹೆಂಡತಿ ಇಬ್ರೂ ನಿರ್ಧಾರ ಮಾಡಿದ್ರೆ ಸಾಕು, ಸಮೂಹ ಆಯ್ತು. ಅಕ್ರಮ ಅಂತ ಆದ್ರೆ ಮಾಡಿಸಿದೋನಿಗೆ 10 ವರ್ಷದವರೆಗೆ ಜೈಲು, 1 ಲಕ್ಷ ದಂಡ. ವಾಪಸ್ ಹಿಂದಿನ ಧರ್ಮಕ್ಕೆ ಬಂದ್ರೆ ಮಾತ್ರ ಅದು ಮತಾಂತರವೇ ಅಲ್ಲ. ಹೋಗೋಕೆ ಟಿಕೆಟ್ಟು, ತನಿಖೆ, ನೋಟಿಸ್ ಬೋರ್ಡು. ವಾಪಸ್ ಬರೋಕೆ ಬಾಗಿಲು ತೆರೆದೇ ಇದೆ.

ನನ್ನ ರಕ್ತ ಕುದಿಸೋ ಜಾಗ ಇದಲ್ಲ. ಶಿಕ್ಷೆಯ ಭಾಗ ಓದಿ. ಸಾಮಾನ್ಯ ಪ್ರಕರಣದಲ್ಲಿ 3ರಿಂದ 5 ವರ್ಷ. ಮತಾಂತರ ಆದೋರು ಅಪ್ರಾಪ್ತರೋ, ಬುದ್ಧಿಮಾಂದ್ಯರೋ, ಹೆಂಗಸರೋ, ಪರಿಶಿಷ್ಟ ಜಾತಿ ಪಂಗಡದೋರೋ ಆಗಿದ್ರೆ 3ರಿಂದ 10 ವರ್ಷ. ನೋಡಿದ್ರಾ ನಮ್ಮನ್ನ ಯಾವ ಸಾಲಲ್ಲಿ ಕೂರಿಸಿದಾರೆ ಅಂತ? ರಕ್ಷಣೆ ಅಂತಾರೆ. ನಲವತ್ತು ವರ್ಷದ ಹೊಲೆಯನಿಗೆ, ಮೂರು ಮಕ್ಕಳನ್ನ ಸಾಕಿ ಓದಿಸಿದ ಮಾದಿಗರ ಹೆಂಗಸಿಗೆ ತನ್ನ ತಲೆ ತಾನು ಉಪಯೋಗಿಸೋಕೆ ಬರಲ್ಲ, ಯಾರೋ ಏನೋ ತೋರಿಸಿದ್ರೆ ಹಿಂದೆ ಹೋಗಿಬಿಡ್ತಾರೆ ಅನ್ನೋ ನಂಬಿಕೆ ಆ ಸಾಲಿನ ಹಿಂದೆ ಕೂತಿದೆ. ಆರೆಗನ್ನಿನ ಗುಡ್ಡದ ಮೇಲೆ ನಾಲ್ಕು ವರ್ಷದ ಪುಟ್ಟಿ ಬೆರಳು ತೋರಿಸಿದ ಮರವೇ ಆಖೈರು. ಅವಳ ಆಯ್ಕೆ ಮೇಲೆ ಅವಳಪ್ಪನಿಗೆ ಎಷ್ಟು ನಂಬಿಕೆ! ಅದರಲ್ಲಿ ಕಾಲು ಭಾಗ ನಂಬಿಕೆ ನಮ್ಮಮ್ಮನ ವಯಸ್ಸಿನ ಹೆಂಗಸಿನ ಮೇಲೆ ಇಟ್ಟಿದ್ರೆ ಆ ಕಾಯ್ದೆ ಹುಟ್ತಾನೇ ಇರಲಿಲ್ಲ.

ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯಲ್ಲ ಅಂತ ಘೋಷಿಸಿದ್ರು. 21 ವರ್ಷ ಓದಿದ್ರು, ಅಳೆದ್ರು, ತೂಗಿದ್ರು. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬುದ್ಧನ ಕಡೆ ನಡೆದ್ರು. ಇಂಥ ಕಾಯ್ದೆ ಅವತ್ತು ನಾಗಪುರದಲ್ಲಿದ್ದಿದ್ರೆ ಸಂವಿಧಾನದ ಕರಡು ಬರೆದ ಮನುಷ್ಯ ಡಿಸಿ ಆಫೀಸಿನ ಮುಂದೆ ನಮೂನೆ ಹಿಡ್ಕೊಂಡು ನಿಲ್ಲಬೇಕಿತ್ತು. ಆ ಲಕ್ಷಾಂತರ ಜನಕ್ಕೆ "ಆಮಿಷ ಏನು ಸಿಕ್ಕಿತು" ಅಂತ ತಹಶೀಲ್ದಾರ್ ಕೇಳ್ತಿದ್ದ.

2023ರ ಜೂನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಈ ಕಾಯ್ದೆ ರದ್ದು ಮಾಡೋ ತೀರ್ಮಾನ ಮಾಡಿತು. ನಾವೆಲ್ಲ ಸಿಹಿ ಹಂಚಿದ್ವಿ. ಸಂಪುಟದ ತೀರ್ಮಾನಕ್ಕೂ ಸದನದ ಮತಕ್ಕೂ ಎಷ್ಟು ದೂರ ಅಂತ ಗೊತ್ತಿದ್ದೂ ಹಂಚಿದ್ವಿ. ಜಾತ್ಯತೀತ ಅಂತ ಎದೆ ತಟ್ಟಿಕೊಳ್ಳೋ ಶಾಸಕರು ನಿಮ್ಮ ಊರಿನ ಚರ್ಚಿಗೆ ಕೇಕ್ ಕತ್ತರಿಸೋಕೆ ಬಂದಾಗ ಇದರ ಬಗ್ಗೆ ಕೇಳಿ. ಕೇಕ್ ಬಾಯಲ್ಲಿರುವಾಗಲೇ ಕೇಳಿ.

ಈಗ ನಮ್ಮ ಕಡೆ ಕ್ರಿಸ್ಮಸ್ ಮರ ಹೇಗಿರುತ್ತೆ ನೋಡಿ. ಬೀದರ್ ಜಿಲ್ಲೆಯ ಮೆಥೋಡಿಸ್ಟ್ ಚರ್ಚುಗಳಿಗೆ ಹೋಗಿ, ಕೆಜಿಎಫ್‌ನ ಗಣಿ ಲೈನುಗಳಿಗೆ ಹೋಗಿ. ಅಲ್ಲಿನ ಕ್ರೈಸ್ತರಲ್ಲಿ ದೊಡ್ಡ ಪಾಲು ನಮ್ಮೋರೇ. ಡಿಸೆಂಬರಲ್ಲಿ ಹಳೇ ಮೈಸೂರಿನ ಕಡೆ ಅಪ್ಪನೂ ಮಕ್ಕಳೂ ಸರ್ವೆ ತೋಪಿಗೆ ಹೋಗ್ತಾರೆ. ಇಡೀ ಮರ ಕಡಿಯಲ್ಲ, ತೋಪು ಅವರದ್ದಲ್ಲ. ಒಂದು ಕೊಂಬೆ. ಅದನ್ನ ತಂದು ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ ನೆಡ್ತಾರೆ, ಹತ್ತಿ ಉದುರಿಸಿದ್ರೆ ಅದೇ ಹಿಮ. ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ. ಮೂಲೇಲಿ ಹುಲ್ಲು ಹಾಸಿ ಗೋದಲಿ. ಕರ್ಜಿಕಾಯಿ ಕರೀತಾರೆ, ಅಕ್ಕಪಕ್ಕದ ಮನೆಗೆ ಹಂಚ್ತಾರೆ. ಅಲ್ಲೂ ಮಗು "ಅಪ್ಪಾ, ಆ ಕೊಂಬೆ" ಅಂತ ಬೆರಳು ತೋರಿಸುತ್ತೆ. ಇಲ್ಲಿಯವರೆಗೂ ಎರಡು ಕುಟುಂಬಗಳ ಕಥೆ ಒಂದೇ.

ಬೇರೆ ಆಗೋದು ಆಮೇಲೆ. ಆರೆಗನ್ ಅಪ್ಪ ಫೋಟೋ ಹಾಕ್ತಾನೆ. ನಮ್ಮ ಅಪ್ಪ ಫೋಟೋ ಹಾಕಬೇಡ ಅಂತ ಮಗನಿಗೆ ಹೇಳ್ತಾನೆ. ಯಾಕೆ ಗೊತ್ತಾ? ಮಗನ ಜಾತಿ ಪ್ರಮಾಣಪತ್ರ.

1950ರ ಪರಿಶಿಷ್ಟ ಜಾತಿಗಳ ಆದೇಶ, 3ನೇ ಪ್ಯಾರಾ. ಹಿಂದೂ ಅಲ್ಲದೋನು ಪರಿಶಿಷ್ಟ ಜಾತಿಯವನಲ್ಲ ಅಂತ ಬರೆದ್ರು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತರು, ಮುಸ್ಲಿಮರು ಆದ ದಲಿತರು ಹೊರಗೇ ಉಳಿದ್ರು. ಸೂಸೈ ಪ್ರಕರಣ ಓದಿ. ಮದ್ರಾಸಿನ ರಸ್ತೆ ಬದಿ ಕೂತು ಚಪ್ಪಲಿ ಹೊಲಿಯೋ ಮನುಷ್ಯ. ಸರ್ಕಾರ ಚಮ್ಮಾರರಿಗೆ ಪುಕ್ಕಟೆ ಗೂಡಂಗಡಿ ಕೊಟ್ಟಿತು, ಇವನಿಗೆ ಇಲ್ಲ, ಕ್ರೈಸ್ತ ಅಂತ. ಅದೇ ರಸ್ತೆ, ಅದೇ ಉಳಿ, ಅದೇ ಚರ್ಮ. 1985ರಲ್ಲಿ ಸುಪ್ರೀಂ ಕೋರ್ಟ್ ಏನಂತು? ಕ್ರೈಸ್ತ ಧರ್ಮಕ್ಕೆ ಹೋದ ಮೇಲೂ ಜಾತಿಯ ಸಂಕಟ ಅಷ್ಟೇ ತೀವ್ರವಾಗಿ ಇದೆ ಅನ್ನೋಕೆ ದಾಖಲೆ ತೋರಿಸಿಲ್ಲ ಅಂತು. ಆ ದಾಖಲೆ ಕೊಟ್ಟಿದ್ದು ರಂಗನಾಥ ಮಿಶ್ರಾ ಆಯೋಗ. ಪರಿಶಿಷ್ಟ ಜಾತಿ ಸ್ಥಾನಮಾನವನ್ನ ಧರ್ಮದಿಂದ ಬಿಡಿಸಿ ಅಂತ 2007ರಲ್ಲೇ ಹೇಳಿತು. ಸರ್ಕಾರಗಳು ಕಪಾಟಿಗೆ ಹಾಕಿದ್ವು. 2022ರಲ್ಲಿ ನ್ಯಾಯಮೂರ್ತಿ ಬಾಲಕೃಷ್ಣನ್ ಅವರದ್ದು ಮತ್ತೊಂದು ಆಯೋಗ ಆಯ್ತು. 2024ರ ನವೆಂಬರಲ್ಲಿ ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೀಕ್ಷಾಸ್ನಾನ ಆಗಿದೆ, ಚರ್ಚಿಗೆ ಹೋಗ್ತಾರೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡು ಆ ಹೆಣ್ಣುಮಗಳಿಗೆ ಪ್ರಮಾಣಪತ್ರ ಇಲ್ಲ ಅಂತು, ಮೀಸಲಾತಿಗಾಗಿ ಹಿಂದೂ ಅನ್ನೋದು ಸಂವಿಧಾನಕ್ಕೆ ಮೋಸ ಅಂತು. 2025ರಲ್ಲಿ ಆಂಧ್ರ ಹೈಕೋರ್ಟ್ ಕ್ರೈಸ್ತನಾದ ದಲಿತನಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇಲ್ಲ ಅಂತು. ಹೊಡೆಯೋನು ಜಾತಿ ನೋಡಿ ಹೊಡೀತಾನೆ. ಕೇಸು ಹಾಕೋವಾಗ ಧರ್ಮ ಕೇಳ್ತಾರೆ.

ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನ ಪ್ರವರ್ಗ 1ರಲ್ಲಿ ಇಟ್ಟಿದಾರೆ. ಕೈಗೆ ಏನೋ ಸಿಕ್ಕಿತು ಅನ್ನಿ. ಆದ್ರೆ ಮೀಸಲು ಕ್ಷೇತ್ರ ಹೋಯ್ತು, ದೌರ್ಜನ್ಯ ಕಾಯ್ದೆ ಹೋಯ್ತು. 2025ರ ಸೆಪ್ಟೆಂಬರಿನ ಸಮೀಕ್ಷೆಯಲ್ಲಿ ಜಾತಿ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಸೇರಿದ್ದಕ್ಕೇ ಎಷ್ಟು ಗಲಾಟೆ ಆಯ್ತು ನೋಡಿದ್ರಲ್ಲ. ಎಣಿಸೋದೂ ಬೇಡವಂತೆ. ಇಂಥದ್ರಲ್ಲಿ ಬಾಗಿಲಿಗೆ ಕಟ್ಟಿದ ಕಾಗದದ ನಕ್ಷತ್ರ, ಎಣ್ಣೆ ಡಬ್ಬದ ಸರ್ವೆ ಕೊಂಬೆ ನಾಳೆ ಯಾರದ್ದೋ ಅರ್ಜಿಗೆ ಲಗತ್ತು ಆಗಬಹುದು ಅಂತ ಹೆದರೋ ಅಪ್ಪನ್ನ ನಾನು ಹೇಡಿ ಅನ್ನಲ್ಲ.

ನಮ್ಮೊಳಗಿನ ಕೆಲವರಿಗೂ ಒಂದು ಮಾತು. "ಅವರು ಬುದ್ಧನ ಕಡೆ ಬರಬೇಕಿತ್ತು, ಯೇಸು ಕಡೆ ಹೋದ್ರು, ಅನುಭವಿಸಲಿ" ಅನ್ನೋ ಗೆಳೆಯರಿದಾರೆ. "ಇರೋ ಮೀಸಲಾತಿಲೇ ನಮಗೆ ಸಾಲಲ್ಲ, ಅವರೂ ಬಂದ್ರೆ?" ಅನ್ನೋರಿದಾರೆ. ಎರಡನೇದು ನಿಜವಾದ ಚಿಂತೆ, ಅದಕ್ಕೆ ಉತ್ತರ ಪಾಲು ಹೆಚ್ಚಿಸೋ ಹೋರಾಟ. ಮೊದಲನೇದು ಮಾತ್ರ ನನಗೆ ಅರಗಲ್ಲ. ನಾನು ಚರ್ಚಿಗೆ ಹೋಗೋ ಪೈಕಿ ಅಲ್ಲ. ಚರ್ಚು ಜಾತಿ ಬಿಟ್ಟಿದೆ ಅಂತಲೂ ಹೇಳಲ್ಲ. ದಕ್ಷಿಣ ಭಾರತದಲ್ಲಿ ನಮ್ಮೋರಿಗೆ ಬೇರೆ ಸ್ಮಶಾನ, ಬೇರೆ ಸಾಲು ಇಟ್ಟ ಚರ್ಚುಗಳಿವೆ. ಕ್ಯಾಥೊಲಿಕ್ ಬಿಷಪ್ಪರೇ 2016ರಲ್ಲಿ ನಮ್ಮೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡ್ರು. ಮೊದಲ ದಲಿತ ಕಾರ್ಡಿನಲ್ ಬರೋಕೆ 2022 ಆಗ್ಬೇಕಾಯ್ತು. ಈ ಜಗಳ ಚರ್ಚಿನೊಳಗೆ ನಮ್ಮ ಅಣ್ಣ ತಮ್ಮಂದಿರು ಆಡ್ತಿದಾರೆ, ಅವರ ಬೆನ್ನಿಗೆ ನಿಲ್ಲೋಣ. ಆದ್ರೆ ಯಾವ ಬಾಗಿಲಿಂದ ಹೊರಗೆ ಹೋಗ್ಬೇಕು ಅಂತ ತೀರ್ಮಾನ ಮಾಡೋದು ಹೋಗೋನು. ಆ ಹಕ್ಕನ್ನ ಬಿಟ್ಟುಕೊಟ್ರೆ ನಾಳೆ ಬುದ್ಧನ ಬಾಗಿಲಿಗೂ ಅದೇ ನಮೂನೆ ಅಂಟಿಸ್ತಾರೆ.

ಮತ್ತೆ ಅಮೆರಿಕಕ್ಕೆ ಬರೋಣ, ಲೆಕ್ಕ ಬಾಕಿ ಇದೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 403 ಮಸೂದೆ ಎರಡೂ ಸದನದಲ್ಲಿ ಪಾಸಾಯ್ತು. ಅದನ್ನ ಬೀಳಿಸೋಕೆ ಹಿಂದೂ ಅಮೆರಿಕನ್ ಫೌಂಡೇಶನ್‌ನಂಥ ಸಂಘಟನೆಗಳು ಓಡಾಡಿದ್ವು. ನಮ್ಮ ಸಮುದಾಯವನ್ನ ಗುರಿ ಮಾಡ್ತಿದಾರೆ, ನಮ್ಮ ಮಕ್ಕಳಿಗೆ ಶಾಲೇಲಿ ಅವಮಾನ ಆಗುತ್ತೆ ಅಂದ್ವು. ಅಕ್ಟೋಬರಲ್ಲಿ ಗವರ್ನರ್ ನ್ಯೂಸಮ್ ಮಸೂದೆಗೆ ಸಹಿ ಹಾಕಲಿಲ್ಲ, ವೀಟೋ ಮಾಡಿದ್ರು. ಅದೇ ವರ್ಷ ನ್ಯೂಯಾರ್ಕ್ ನಗರದ ಶಾಲೆಗಳಿಗೆ ದೀಪಾವಳಿ ರಜೆಯ ಕಾನೂನೂ ಬಂತು. ರಜೆ ಬಂದಿದ್ದು ಒಳ್ಳೇದೇ. ಆದ್ರೆ ಅಲ್ಲಿನ ಶಾಲೇಲಿ ದೀಪ ಹಚ್ಚಿದ ಬಿಳಿ ಮಗುವಿನ ಅಪ್ಪನಿಗೆ ಯಾರೂ 30 ದಿನದ ನೋಟಿಸ್ ಕೊಡಲಿಲ್ಲ. ಅಲ್ಪಸಂಖ್ಯಾತರಾಗಿ ಅಲ್ಲಿ ಎಲ್ಲ ಉದಾರತೆ ಉಂಡ ಜನ, ಬಹುಸಂಖ್ಯಾತರಾಗಿ ಇಲ್ಲಿ ಒಂದು ಕಾಗದದ ನಕ್ಷತ್ರ ಸಹಿಸಲ್ಲ.

ಕನ್ನಡ ಸಂಘಗಳಿಗೂ ಕೇಳ್ತೀನಿ. ನವೆಂಬರಲ್ಲಿ ರಾಜ್ಯೋತ್ಸವದ ಭಾಷಣದಲ್ಲಿ ಕಿಟ್ಟೆಲ್ ಬರ್ತಾರೆ, 1894ರ ನಿಘಂಟು ಬರುತ್ತೆ. ಮೋಗ್ಲಿಂಗ್ ಬರ್ತಾರೆ, 1843ರ ಮಂಗಳೂರ ಸಮಾಚಾರ ಬರುತ್ತೆ. ಇಬ್ಬರೂ ಕ್ರಿಸ್ಮಸ್ ಮರದ ಸೀಮೆಯಿಂದ ಬಂದ ಮಿಷನರಿಗಳೇ. ಅವರ ನಿಘಂಟು ಬೇಕು, ಅವರ ಪತ್ರಿಕೆ ಬೇಕು, ಅವರ ಮರವೂ ಈಗ ಮನೆ ಹಾಲಿಗೆ ಬೇಕು. ಅವರ ಪ್ರಾರ್ಥನೆಗೆ ಹೋಗಿ ಕೂತ ಹೊಲೆಯ ಮಾತ್ರ ದೇಶದ್ರೋಹಿ.

ಆದ್ದರಿಂದ, ಅಣ್ಣಾ, ಅಕ್ಕಾ, ಈ ಸಲ ಮರ ತನ್ನಿ. ಮಕ್ಕಳ ಜೊತೆ ಫೋಟೋನೂ ಹಾಕಿ. ಅದೇ ದಿನ ಆ ಫ್ಯಾಮಿಲಿ ಗ್ರೂಪಲ್ಲಿ ಒಂದು ಸಾಲು ಬರೀರಿ: ನಾವು ಮರ ತಂದ್ವಿ, ನಮ್ಮನ್ನ ಯಾರೂ ಏನೂ ಕೇಳಲಿಲ್ಲ, ಊರಲ್ಲೂ ಯಾರನ್ನೂ ಕೇಳಬಾರದು. ಎಷ್ಟು ಜನ ಲೈಕ್ ಕೊಟ್ರು, ಎಷ್ಟು ಜನ ಗ್ರೂಪ್ ಬಿಟ್ರು ಅಂತ ನನಗೂ ತಿಳಿಸಿ. ನಮ್ಮ ಗೆಳೆಯರು 3ನೇ ಪ್ಯಾರಾ ತೆಗೀರಿ ಅನ್ನೋ ಮನವಿಗೆ ಸಹಿ ಕೇಳ್ಕೊಂಡು ನಿಮ್ಮ ಊರಿಗೆ ಬಂದ್ರೆ ಸಹಿ ಹಾಕಿ, ಟೀ ಕೊಡಿ.

ಇನ್ನು ಕಾಮೆಂಟಲ್ಲಿ "ನಿನಗೆ ವಿದೇಶಿ ಹಣ ಎಷ್ಟು ಬಂತು" ಅಂತ ಕೇಳೋಕೆ ಬರೋರಿಗೆ: ಮೊದಲು ನಿಮ್ಮ ಹಾಲಿನಲ್ಲಿ ನಿಂತಿರೋ ಮರದ ಬಿಲ್ ಹಾಕಿ, ಆಮೇಲೆ ಮಾತಾಡೋಣ.

ಜೈ ಭೀಮ್.